ಸುಣ್ಣ ಹಚ್ಚಿದ ಮೂರು ಬೆರಳು

ದಹ್ರಾನ್
14 ನವೆಂಬರ್ 2025

ಪ್ರಿಯ ಹಕೀಂ,

ನಿನ್ನ ಈಮೇಲ್ ವಿಳಾಸ ಜಿತೇಶ್ ಕೊಟ್ಟ. ಇಪ್ಪತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ, ಬಯ್ಯುವುದಿದ್ದರೆ ಒಂದೇ ಸಲ ಬಯ್ದು ಮುಗಿಸಿಬಿಡು. ನಾನು ದಹ್ರಾನಿಗೆ ಬಂದು ಒಂಬತ್ತು ವರ್ಷವಾಯಿತು. ನೀನು ಅದಕ್ಕೂ ಮೊದಲಿನಿಂದ ಮಕ್ಕಾದ ಹೋಟೆಲಿನಲ್ಲಿ ಇದ್ದೀಯಂತೆ. ಒಂದೇ ದೇಶದ ಅನ್ನ ತಿನ್ನುತ್ತಿದ್ದರೂ ಇಬ್ಬರಿಗೂ ಗೊತ್ತಿಲ್ಲ ನೋಡು. ನಿನ್ನ ಮಕ್ಕಾಕ್ಕೆ ಮುಸ್ಲಿಮನಲ್ಲದ ನಾನು ಕಾಲಿಡುವಂತಿಲ್ಲ, ನಮ್ಮ ಕಂಪನಿ ಕ್ಯಾಂಪಿನ ಗೇಟಿನೊಳಗೆ ಪಾಸಿಲ್ಲದೆ ನಿನ್ನನ್ನು ಬಿಡುವುದಿಲ್ಲ. ಒಳ್ಳೆ ಜೋಡಿ ಕಣೋ ನಮ್ಮದು.

ವಿಷಯಕ್ಕೆ ಬರುತ್ತೇನೆ. ನಮ್ಮ ಪಡುವಣ ಅಂತರ ಕಾಲೇಜು ಬೇಸ್‌ಬಾಲ್ ಕೂಟಕ್ಕೆ ಈ ಸಲ ಇಪ್ಪತ್ತೈದರ ಸಂಭ್ರಮ, ಕೊರೊನಾದ ಎರಡು ವರ್ಷ ಬಿಟ್ಟು. ಫೆಬ್ರವರಿ ಎಂಟಕ್ಕೆ ಕಡಲಬೆಟ್ಟಿನ ನಮ್ಮ ಕಾಲೇಜಿನಲ್ಲೇ ಉದ್ಘಾಟನೆ, ಅಂದೇ ಕೂಟದ ಚರಿತ್ರೆಯ ಪುಸ್ತಕ ಬಿಡುಗಡೆ. ಬರೆಯುವ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ. ಯಾವ ವರ್ಷ ಯಾರು ಚಾಂಪಿಯನ್ನರು, ಯಾರು ಹೇಗೆ ಗೆದ್ದರು, ಎಲ್ಲ. ಮೊದಲ ವರ್ಷ ಐದು ಕಾಲೇಜುಗಳಿಗೆ ಸೇರಿ ಕ್ಯಾಚರನ ಗ್ಲೌಸು ಒಂದೇ ಇತ್ತು, ಎರಡೂ ತಂಡದ ಕ್ಯಾಚರರು ಅದನ್ನೇ ಬದಲಾಯಿಸಿಕೊಂಡು ಹಾಕುತ್ತಿದ್ದರು ಎಂದು ನಮಗೆ ಆಟ ಕಲಿಸಿದ ಅನಂತರಾಮ ಮೇಷ್ಟ್ರು ನೆನಪಿಸಿಕೊಂಡು ನಗುತ್ತಿದ್ದರು. ಇಲ್ಲಿ ಕ್ಯಾಂಪಿನ ಮೈದಾನದಲ್ಲಿ ಅಮೆರಿಕದ ಮಕ್ಕಳು ಒಬ್ಬೊಬ್ಬರೂ ಒಂದೊಂದು ಗ್ಲೌಸು ಹಾಕಿಕೊಂಡು ಆಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮ ವರ್ಷದ ಬಗ್ಗೆ ಹೀಗೆ ಬರೆದಿದ್ದೇನೆ, ನೋಡಿ ಹೇಳು:

‘2005: ಕಡಲಬೆಟ್ಟು ಕಾಲೇಜು ಕೈಗೆ ಬಂದ ಕಪ್ಪನ್ನು ಕಳೆದುಕೊಂಡ ವರ್ಷ. ಒಂದು ರನ್ನಿನ ಮುನ್ನಡೆಯಿತ್ತು. ಎದುರಾಳಿ ಹೊಳೆಕೋಡಿಯ ಇಬ್ಬರು ಬೇಸುಗಳಲ್ಲಿ ಕಾದಿದ್ದರು. ಔಟಾಗಬೇಕಾದದ್ದು ಇನ್ನೊಬ್ಬ ಮಾತ್ರ. ರಂಜಾನ್ ಉಪವಾಸದಲ್ಲಿದ್ದ ಪಿಚರ್ ಅಬ್ದುಲ್ ಹಕೀಂ ದಣಿವಿನಿಂದ ಹಿಡಿತ ತಪ್ಪಿ ಎಸೆದ ಚೆಂಡು ಕ್ಯಾಚರನಿಗೆ ಎಟುಕದೆ ಹಿಂದಿನ ಗೇರು ತೋಪಿಗೆ ನುಗ್ಗಿತು. ಇಬ್ಬರೂ ಓಡಿ ಬಂದು ರನ್ ಗಳಿಸಿದರು. ಆ ಸೋಲಿನಿಂದ ಪಾಠ ಕಲಿತ ಕಾಲೇಜು, ಉಪವಾಸವಿರುವ ಆಟಗಾರರನ್ನು ಅವರ ಆರೋಗ್ಯದ ಹಿತದೃಷ್ಟಿಯಿಂದ ಆಡಿಸದಿರುವ ಕ್ರಮವನ್ನು ಇಂದಿಗೂ ಪಾಲಿಸುತ್ತಿದೆ.’

ಇದರ ಜೊತೆಗೆ ಒಂದು ಪುಟ ನಿನ್ನ ನೆನಪು ಬರೆದು ಕಳಿಸು. ವಾಟ್ಸಾಪಿನಲ್ಲಿ ಬೇಡ, ಪತ್ರದ ಹಾಗೆ ಬರೆದರೆ ಹಾಗೆಯೇ ಹಾಕಬಹುದು. ಇನ್ನೊಂದು ಸಂಗತಿ: ಇಪ್ಪತ್ತೈದು ವರ್ಷದ ಶ್ರೇಷ್ಠ ಒಂಬತ್ತು ಆಟಗಾರರನ್ನು ಆರಿಸಿದ್ದಾರೆ. ಕ್ಯಾಚರ್ ಯಾರು ಅಂತ ಕೇಳಬೇಡ, ನಾಚಿಕೆಯಾಗುತ್ತದೆ.

ನಿನ್ನ
ಸಂಪತ್


ಮಕ್ಕಾ
28 ನವೆಂಬರ್ 2025

ಸಂಪತ್‌ಗೆ ಹಕೀಮನ ಸಲಾಂ.

ಬಯ್ಯುವುದಕ್ಕೆ ನನಗೆ ಪುರುಸೊತ್ತಿಲ್ಲ ಮಾರಾಯ. ಇಲ್ಲಿ ಎರಡು ಮಹಡಿಯ ರೂಮುಗಳ ಉಸ್ತುವಾರಿ ನನ್ನದು. ಒಂದು ಗುಂಪಿನ ಯಾತ್ರಿಗಳು ಹೊರಡುವ ಮೊದಲೇ ಇನ್ನೊಂದು ಗುಂಪು ಲಿಫ್ಟಿನ ಎದುರು ನಿಂತಿರುತ್ತದೆ. ನಿನ್ನ ಪತ್ರವನ್ನು ಕೆಲಸದ ನಡುವೆ ಮೂರು ಸಲ ಓದಿದೆ. ಗ್ಲೌಸಿನ ಕಥೆಗೆ ಒಬ್ಬನೇ ನಕ್ಕದ್ದನ್ನು ನೋಡಿ ನಮ್ಮ ಬಂಗಾಳಿ ಹುಡುಗರು ಹೆದರಿದರು. 2005ರ ಪ್ಯಾರಾಕ್ಕೆ ಬಂದಾಗ ನಗು ನಿಂತಿತು.

ನಿನಗೆ ಜಿತೇಶ್ ಹೇಳಿರಲಿಕ್ಕಿಲ್ಲ. ನನ್ನ ಮಗ ಅಫ್ರೀದ್ ಈಗ ನಮ್ಮದೇ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಕಾಂ. ತಂಡದ ಪಿಚರ್. ನನಗಿಂತ ಜೋರು ಎಸೆಯುತ್ತಾನೆ ಎಂದು ಜಿತೇಶನೇ ಒಪ್ಪುತ್ತಾನೆ. ನಮ್ಮ ಜೊತೆ ಮೂರನೇ ಬೇಸಿನಲ್ಲಿ ನಿಂತು ಬೀಡಿ ಸೇದುವವರ ಜೊತೆ ಮಾತಾಡುತ್ತಿದ್ದ ಜಿತೇಶ್ ಈಗ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕ ಅಲ್ಲವಾ, ದೊಡ್ಡ ಜನ. ಈ ಸಲ ಸೆಮಿಫೈನಲ್ಲೂ ಫೈನಲ್ಲೂ ರಂಜಾನಿನೊಳಗೆ ಬರುತ್ತದೆ. ಅವ ಅಫ್ರೀದನನ್ನು ಕರೆದು ಹೇಳಿದನಂತೆ: “ಉಪವಾಸ ಉಂಟಾದ್ರೆ ಬೆಂಚಲ್ಲಿ ಕೂತ್ಕೊ. ನಿನ್ನ ಅಪ್ಪನ ಕಥೆ ಗೊತ್ತುಂಟಲ್ಲ?”

ಹುಡುಗ ಫೋನಿನಲ್ಲಿ ನನ್ನ ಹತ್ತಿರ ಕೇಳಿದ, “ಬಾಪ, ನಿಮ್ಮ ಕಥೆ ಎಂತ?”

ನಾನು ಜಿತೇಶನಿಗೆ ಫೋನ್ ಮಾಡಿದೆ. ಅವ ಹೇಳುವುದು, ನಿಯಮ ಮಾಡಿದ್ದು ಅನಂತರಾಮ ಮೇಷ್ಟ್ರು, ನಾನೊಬ್ಬ ಬಾಯಲ್ಲಿ ಹೇಳಿದ್ದಕ್ಕೆ ಅದನ್ನು ತೆಗೆಯಲು ಆಗುವುದಿಲ್ಲವಂತೆ. ಕ್ಯಾಚರ್ ಆಗಿದ್ದ ಸಂಪತ್ ಹೇಳಿದರೆ, ಪುಸ್ತಕದಲ್ಲಿ ಬಂದರೆ, ಆಡಳಿತದವರ ಮುಂದೆ ಇಡಬಹುದು. ಅಂದು ಎಂತ ಆಯಿತು ಎಂದು ನಿನಗೂ ಗೊತ್ತು, ನನಗೂ ಗೊತ್ತು. ದಣಿವಲ್ಲ. ಅಷ್ಟು ಮಾತ್ರ ಬರೆ. ಉಳಿದದ್ದು ಹೇಗಿದ್ದರೂ ನಡೆಯುತ್ತದೆ.

ಹಕೀಂ


ದಹ್ರಾನ್
3 ಡಿಸೆಂಬರ್ 2025

ಪ್ರಿಯ ಹಕೀಂ,

ಅಫ್ರೀದ್ ಪಿಚರ್ ಎಂದು ಓದಿ ಎದೆ ತುಂಬಿತು. ನಮ್ಮ ಮಗಳು ವರ್ಷಾಳಿಗೆ ಇಲ್ಲಿಯ ಶಾಲೆಯಲ್ಲಿ ಬ್ಯಾಟು ಕೊಟ್ಟರೆ ಸೆಲ್ಫಿ ತೆಗೆದುಕೊಳ್ಳುತ್ತಾಳೆ, ಅಷ್ಟೆ.

ನಿನ್ನ ಬೇಜಾರು ನನಗೆ ಅರ್ಥವಾಗುತ್ತದೆ. ಒಂಬತ್ತು ಮಂದಿಯಲ್ಲಿ ಪಿಚರ್ ಸ್ಥಾನ ಹೊಳೆಕೋಡಿಯವನಿಗೆ ಹೋಯಿತು ಎಂದು ಯಾರೋ ನಿನಗೆ ಹೇಳಿರಬೇಕು. ಆಯ್ಕೆ ನನ್ನ ಕೈಯಲ್ಲಿರಲಿಲ್ಲ ಕಣೋ, ಇದ್ದಿದ್ದರೆ ಕಣ್ಣು ಮುಚ್ಚಿ ನಿನ್ನ ಹೆಸರು ಬರೆಯುತ್ತಿದ್ದೆ. ಹತ್ತನೆಯವನಾಗಿ ಮೀಸಲು ಆಟಗಾರ ಎಂದು ಸೇರಿಸಲು ಸಮಿತಿಯವರನ್ನು ಒಪ್ಪಿಸಿದ್ದೇನೆ. ಒಳ್ಳೆಯ ಫೋಟೋ ಒಂದು ಕಳಿಸು, ಹೋಟೆಲಿನ ಯೂನಿಫಾರ್ಮಿನದು ಬೇಡ.

2005ರ ಬಗ್ಗೆ ಹೇಳುವುದಾದರೆ, ಸ್ಕೋರ್ ಬರೆದವರು ಅದನ್ನು ‘ವೈಲ್ಡ್ ಪಿಚ್’ ಎಂದೇ ಬರೆದಿದ್ದಾರೆ, ಅಂದರೆ ಪಿಚರನ ಲೆಕ್ಕಕ್ಕೆ. ಇಪ್ಪತ್ತು ವರ್ಷದ ಮೇಲೆ ನಮ್ಮಿಬ್ಬರ ನೆನಪೂ ಒಂದೇ ರೀತಿ ಇರಬೇಕೆಂದಿಲ್ಲ. ‘ದಣಿವಿನಿಂದ’ ಎಂಬುದನ್ನು ‘ಸಹಜವಾದ ದಣಿವಿನಿಂದ’ ಎಂದು ಮಾಡಲೇ? ಓದುವವರಿಗೆ ನಿನ್ನ ಮೇಲೆ ಗೌರವವೇ ಮೂಡುತ್ತದೆ.

ಸಂಪತ್


ಮಕ್ಕಾ
19 ಡಿಸೆಂಬರ್ 2025

ಸಂಪತ್,

ನಿನ್ನ ಹತ್ತನೇ ಸ್ಥಾನ ನನಗೆ ಬೇಡ ಮಾರಾಯ. ಫೋಟೋ ಕೂಡ ಬೇಡ. ನನ್ನ ಮಗನಿಗೆ ಮೈದಾನದ ನಡುವೆ ಒಂದು ಸ್ಥಾನ ಉಂಟು, ಅದು ಹೋಗದಿದ್ದರೆ ಸಾಕು.

ನಿನ್ನ ನೆನಪು ಬೇರೆ ಇರಬಹುದು ಎಂದೆಯಲ್ಲ, ನನ್ನದನ್ನು ಬರೆಯುತ್ತೇನೆ. ಹೌದಾ ಅಲ್ಲವಾ ನೋಡು.

ಮುಖ್ಯ ಅತಿಥಿ ತಡವಾಗಿ ಬಂದದ್ದಕ್ಕೆ ಆಟ ತಡವಾಗಿ ಶುರುವಾಯಿತು. ಕೊನೆಯ ಇನಿಂಗ್ಸಿಗೆ ಬೆಳಕು ಹೋಯಿತು. ನೀನು ಕುಳಿತು ಮೊಣಕಾಲಿನ ನಡುವೆ ತೋರಿಸುವ ಬೆರಳು ನನಗೆ ಕಾಣುತ್ತಿರಲಿಲ್ಲ. ಎರಡು ಬೆರಳೆಂದರೆ ಜೋರಾಗಿ ಒಳಗೆ, ಮೂರೆಂದರೆ ನಿಧಾನಕ್ಕೆ ಹೊರಗೆ. ಆಗ ನೀನೇ ಉಪಾಯ ಹುಡುಕಿದೆ. ಅನಂತರಾಮ ಮೇಷ್ಟ್ರ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಬೆರಳುಗಳಿಗೆ ಹಚ್ಚಿಕೊಂಡೆ. ಬೆಳ್ಳಗೆ ಕಂಡಿತು. ಇಬ್ಬರನ್ನು ಔಟ್ ಮಾಡಿದೆವು. ದಣಿದವನು ಇಬ್ಬರನ್ನು ಔಟ್ ಮಾಡುತ್ತಾನಾ?

ಅಷ್ಟು ಹೊತ್ತಿಗೆ ಪೇಟೆಯ ಮಸೀದಿಯಲ್ಲಿ ಉಪವಾಸ ಬಿಡುವ ಹೊತ್ತಿನ ಬಾಂಗ್ ಆಯಿತು. ನಾನು ಆಟ ಮುಗಿಯಲಿ ಎಂದು ಸುಮ್ಮನೆ ನಿಂತಿದ್ದೆ. ನೀನು ಅಂಪೈರಿನ ಹತ್ತಿರ ಒಂದು ನಿಮಿಷ ಕೇಳಿ, ನನ್ನ ಚೀಲದಿಂದ ಖರ್ಜೂರ ತರಲು ಓಡಿದೆ. ಸುಣ್ಣದ ಕೈಯಲ್ಲಿ ಕೊಟ್ಟರೆ ನನ್ನ ಬಾಯಿ ಸುಡುತ್ತದೆ ಎಂದು ಕೊಡಪಾನದ ನೀರಿನಲ್ಲಿ ಕೈ ತಿಕ್ಕಿ ತೊಳೆದೆ. ನನ್ನ ಕೈ ಮಣ್ಣಾಗಿತ್ತು, ನೀನೇ ಬಾಯಿಗಿಟ್ಟೆ. ನೀರು ಕುಡಿಸಿದೆ. ಮತ್ತೆ ಹೋಗಿ ಕುಳಿತು ಮೂರು ಬೆರಳು ತೋರಿಸಿದೆಯಂತೆ. ಸುಣ್ಣ ಇರಲಿಲ್ಲ ಸಂಪತ್. ನನಗೆ ಎರಡು ಕಂಡಿತು. ನಾನು ಜೋರಾಗಿ ಒಳಗೆ ಎಸೆದೆ, ನೀನು ಹೊರಗೆ ವಾಲಿದ್ದೆ.

ಇದರಲ್ಲಿ ಯಾರ ತಪ್ಪು ಉಂಟು? ಯಾರದ್ದೂ ಇಲ್ಲ. ಊರವರು ‘ಹೊಟ್ಟೆಗಿಲ್ಲದವನನ್ನು ಆಡಿಸಿ ಕಪ್ ಕಳಕೊಂಡರು’ ಎಂದಾಗ ನಾನು ಬಾಯಿ ಬಿಡಲಿಲ್ಲ. ನನ್ನ ಬಾಯಿಗೆ ಖರ್ಜೂರ ಇಟ್ಟವನ ಹೆಸರು ಹೇಗೆ ಹೇಳಲಿ? ನನ್ನೊಬ್ಬನ ಮೇಲೆ ಹೋಗುವುದಾದರೆ ಹೋಗಲಿ ಎಂದಿದ್ದೆ. ಅಂದಿನಿಂದ ಎಷ್ಟು ಹುಡುಗರು ಬೆಂಚಿನಲ್ಲಿ ಕುಳಿತರೋ ಗೊತ್ತಿಲ್ಲ, ಈಗ ನನ್ನ ಮನೆಗೇ ಬಂತು. ಇದನ್ನು ಹೀಗೆಯೇ ಬರೆ. ನಿನಗೂ ಕೆಟ್ಟ ಹೆಸರಿಲ್ಲ.

ಇಲ್ಲವಾದರೆ ಜಿದ್ದಾಕ್ಕೆ ಬಾ. ಶುಕ್ರವಾರ ನಾನು ಅಲ್ಲಿಯ ಶರಫಿಯಾ ಪೇಟೆಗೆ ಬರಬಹುದು. ಅಲ್ಲಿಗೆ ನಿನಗೂ ಅಡ್ಡಿಯಿಲ್ಲ, ನನಗೂ ಅಡ್ಡಿಯಿಲ್ಲ.

ಹಕೀಂ


ದಹ್ರಾನ್
15 ಜನವರಿ 2026

ಪ್ರಿಯ ಹಕೀಂ,

ಉತ್ತರ ತಡವಾಯಿತು. ಆಫೀಸಿನಲ್ಲಿ ವರ್ಷದ ಮೊದಲ ತಿಂಗಳು ಅಂದರೆ ನಿನಗೆ ಗೊತ್ತಲ್ಲ. ಮುಂದಿನ ವಾರ ಜಿದ್ದಾದಲ್ಲಿ ಮೀಟಿಂಗ್ ಇದೆ. 23ರ ಶುಕ್ರವಾರ ಮಧ್ಯಾಹ್ನ ಶರಫಿಯಾದಲ್ಲಿ ಸಿಗೋಣ. ನೀನು ಹೇಳುವ ಹೋಟೆಲಿಗೇ ಬರುತ್ತೇನೆ. ಕೂತು ಮಾತಾಡಿದರೆ ಎಲ್ಲ ಸರಿಹೋಗುತ್ತದೆ.

ಸಂಪತ್


ಮಕ್ಕಾ
25 ಜನವರಿ 2026

ನನ್ನ ಸಂಪತ್,

ನೀನು ದಪ್ಪ ಆಗಿದ್ದೀ ಮಾರಾಯ. ಕುರ್ಚಿಯಿಂದ ಏಳುವಾಗ ಉಸ್ ಎಂದೆಯಲ್ಲ, ಈ ಜನ ಮೊಣಕಾಲು ಮಡಚಿ ಗಂಟೆಗಟ್ಟಲೆ ಕೂರುತ್ತಿದ್ದ ಎಂದು ಯಾರು ನಂಬುತ್ತಾರೆ? ಹೋಟೆಲಿನ ಹುಸೈನ್ ನಿನ್ನೆ ಫೋನಿನಲ್ಲಿ ಕೇಳಿದ, “ಬಂಗುಡೆ ಸಾರಿಗೆ ಅಳ್ತಾ ಕೂತಿದ್ದದ್ದು ಯಾರು ಅದು, ಅಷ್ಟು ಖಾರ ಆಯ್ತಾ?” ನಾನು ಹೌದು ಎಂದೆ.

ನೀನು ಮೊಸರಿನ ಬಟ್ಟಲಿಗೆ ಬೆರಳು ಅದ್ದಿ ಮೇಜಿನ ಕೆಳಗೆ ಮೂರು ತೋರಿಸಿದಾಗ ನನಗೆ ಇಪ್ಪತ್ತು ವರ್ಷದ ಭಾರ ಇಳಿಯಿತು. “ಎಲ್ಲಾ ನೆನಪಿದೆ ಕಣೋ, ಮರೆಯೋಕಾಗುತ್ತಾ” ಎಂದೆಯಲ್ಲ, ಅಷ್ಟು ಸಾಕಿತ್ತು ನನಗೆ. ನಾನು ಮನಸ್ಸಿನಲ್ಲಿ ನಿನ್ನ ಮೇಲೆ ಬೇರೆ ಏನೇನೋ ಎಣಿಸಿದ್ದೆ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ಅಫ್ರೀದನಿಗೆ ಹೇಳಿದೆ, ಸಂಪತ್ ಅಂಕಲ್ ಬರೆಯುತ್ತಾರೆ, ನೀನು ಉಪವಾಸವನ್ನೂ ಹಿಡಿ, ಚೆಂಡನ್ನೂ ಹಿಡಿ ಎಂದು. ಹುಡುಗ ಸಂತೋಷದಲ್ಲಿ ಬೆಳಿಗ್ಗೆ ಎದ್ದು ಓಡುತ್ತಿದ್ದಾನಂತೆ. ನನ್ನ ಹೆಂಡತಿ ಸುಬೈದಾ ನಿನಗೆ ಅಂತ ಬಾಳೆಕಾಯಿ ಚಿಪ್ಸು ಕಳಿಸುತ್ತಾಳೆ. ಊರಿನಿಂದ ಅಬ್ದುಲ್ಲ ಕುಂಞಿ ಬರುವಾಗ ನಿನ್ನ ಪಕ್ಕದ ದಮ್ಮಾಮಿನವರೆಗೆ ತರುತ್ತಾನೆ.

ಹಕೀಂ


ಮಕ್ಕಾ
12 ಫೆಬ್ರವರಿ 2026

ಶ್ರೀ ಸಂಪತ್ ಅವರಿಗೆ,

ತಮ್ಮ ಪುಸ್ತಕ ಬಿಡುಗಡೆಯಾದ ಸುದ್ದಿ ತಿಳಿಯಿತು. 2005ರ ಪುಟದ ಫೋಟೋವನ್ನು ಮಗ ಕಳಿಸಿದ. ಅದರಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಬದಲಾಗಿದೆ, ತಪ್ಪು ಹೇಳಬಾರದು: ‘ಸಹಜವಾದ ದಣಿವು’ ಎಂದು ಮಾಡಿದ್ದೀರಿ. ಎರಡು ಪುಟ ಬಿಟ್ಟು ತಮ್ಮ ಚಿತ್ರವಿದೆ. ‘ಮೂರು ವರ್ಷಗಳಲ್ಲಿ ಒಂದೇ ಒಂದು ಚೆಂಡನ್ನೂ ತನ್ನ ತಪ್ಪಿನಿಂದ ಹಿಂದೆ ಬಿಡದ ಕ್ಯಾಚರ್’ ಎಂದು ಕೆಳಗೆ ಬರೆದಿದೆ. ತಾವು ಸುಣ್ಣದ ವಿಷಯ ಯಾಕೆ ಬರೆಯಲಿಲ್ಲ ಎಂದು ಈಗ ನನಗೆ ತಿಳಿಯಿತು.

ಜಿತೇಶನ ಹತ್ತಿರ ಕೇಳಿದೆ. ಪುಸ್ತಕದ ಕಟ್ಟುಗಳು ಅಚ್ಚಾಗಿ ಕಾಲೇಜಿಗೆ ಬಂದದ್ದು ಜನವರಿ ಇಪ್ಪತ್ತಕ್ಕಂತೆ. ನಾವು ಶರಫಿಯಾದಲ್ಲಿ ಕುಳಿತದ್ದು ಇಪ್ಪತ್ತಮೂರಕ್ಕೆ. ಅಚ್ಚಾದ ಪುಸ್ತಕವನ್ನು ಮನಸ್ಸಿನಲ್ಲಿಟ್ಟುಕೊಂಡು ತಾವು ನನ್ನ ಎದುರು ಮೊಸರಿಗೆ ಬೆರಳು ಅದ್ದಿದಿರಿ. ಕಣ್ಣೀರನ್ನೂ ಹಾಕಿದಿರಿ. ನಾನು ಅದಕ್ಕೆ ಮರುಳಾಗಿ ಮಗನಿಗೆ ಮಾತು ಕೊಟ್ಟೆ.

ಪುಸ್ತಕ ಹಾಳಾಗಿ ಹೋಗಲಿ. ರಂಜಾನ್ ಬರಲು ಇನ್ನೂ ಕೆಲವು ದಿನ ಉಂಟು. ಜಿತೇಶನಿಗೆ ಒಂದು ಫೋನ್ ಮಾಡಿ ಸುಣ್ಣದ ವಿಷಯ ಹೇಳಿ. ಬೇರೆ ಏನೂ ಕೇಳುವುದಿಲ್ಲ.

ಅಬ್ದುಲ್ ಹಕೀಂ


ದಹ್ರಾನ್
22 ಫೆಬ್ರವರಿ 2026

ಪ್ರಿಯ ಹಕೀಂ,

ರಂಜಾನ್ ಶುಭಾಶಯ. ‘ತಾವು’ ಎಂದೆಲ್ಲ ಬರೆದು ನನ್ನನ್ನು ಇಷ್ಟು ದೂರ ತಳ್ಳಬೇಕಾಗಿರಲಿಲ್ಲ. ಅಚ್ಚಿನವರು ಅವಸರ ಮಾಡಿದರು, ಅದು ನನ್ನ ಕೈ ಮೀರಿತ್ತು. ಅಷ್ಟು ವರ್ಷದ ಮೇಲೆ ಸಿಕ್ಕಿದ್ದೀಯ, ಆ ಮಧ್ಯಾಹ್ನವನ್ನು ಹಾಳು ಮಾಡಲು ನನಗೆ ಮನಸ್ಸು ಬರಲಿಲ್ಲ. ಇದನ್ನು ಮೋಸ ಎನ್ನುವೆಯಾದರೆ ಏನು ಹೇಳಲಿ?

ಜಿತೇಶನಿಗೆ ಫೋನ್ ಮಾಡಬೇಕೆಂದು ಎರಡು ಸಲ ತೆಗೆದುಕೊಂಡೆ. ಏನೆಂದು ಹೇಳುವುದು? ಪುಸ್ತಕ ಬಿಡುಗಡೆ ಮಾಡಿದವರು ಅನಂತರಾಮ ಮೇಷ್ಟ್ರು. ಅವರ ನಿಯಮವೇ ತಪ್ಪಾಗಿತ್ತು ಎಂದು, ಅವರು ಸರಿಯಾಗಿ ನಡೆಯಲಾಗದ ಈ ವಯಸ್ಸಿನಲ್ಲಿ, ನಾನು ಹೇಳಬೇಕೇ? ಅಷ್ಟಕ್ಕೂ ಅದರಲ್ಲಿ ಮಕ್ಕಳ ಆರೋಗ್ಯದ ಕಾಳಜಿಯೂ ಇದೆಯಲ್ಲ. ಎರಡನೇ ಮುದ್ರಣವಾದರೆ ಒಂದು ಅಡಿಟಿಪ್ಪಣಿ ಹಾಕೋಣ.

ಒಂದು ಮಾತು, ಬೇಸರ ಮಾಡಿಕೊಳ್ಳಬೇಡ. ಅಫ್ರೀದ್ ಆ ಎರಡು ದಿನ ಮಾತ್ರ ಉಪವಾಸ ಬಿಟ್ಟು, ಆಮೇಲೆ ಹಿಡಿದು ತೀರಿಸಬಹುದಲ್ಲವೇ? ನಿಮ್ಮಲ್ಲಿ ಹಾಗೆ ಇದೆ ಎಂದು ಇಲ್ಲಿಯ ಸಹೋದ್ಯೋಗಿ ಹಸನ್ ಹೇಳಿದರು. ಇಷ್ಟು ಸಣ್ಣ ವಿಷಯಕ್ಕೆ ಹುಡುಗನ ಭವಿಷ್ಯ ಕೆಡಬಾರದು.

ಚಿಪ್ಸು ಸಿಕ್ಕಿತು. ನನ್ನ ಹೆಂಡತಿ ಶ್ರೀವಾಣಿಗೆ ತುಂಬ ಹಿಡಿಸಿತು.

ಸಂಪತ್


ದಹ್ರಾನ್
9 ಮಾರ್ಚ್ 2026

ಪ್ರಿಯ ಹಕೀಂ,

ನನ್ನ ಹಿಂದಿನ ಪತ್ರಕ್ಕೆ ನೀನು ಉತ್ತರಿಸಲಿಲ್ಲ, ಆದರೂ ಬರೆಯದೆ ಇರಲಾರೆ. ಚಾಂಪಿಯನ್ನರು! ಏಳನೇ ತಾರೀಕಿನ ಫೈನಲ್ ಗೆದ್ದ ವಿಷಯ ಜಿತೇಶ್ ಫೋನಿನಲ್ಲೇ ಕುಣಿದುಕೊಂಡು ಹೇಳಿದ. ಅದೂ ಹೊಳೆಕೋಡಿಯ ವಿರುದ್ಧ! ಮೊದಲ ಎಸೆತದಿಂದ ಕೊನೆಯ ಎಸೆತದವರೆಗೆ ಅಫ್ರೀದನೇ, ಒಂದು ಚೆಂಡೂ ದಾರಿ ತಪ್ಪಲಿಲ್ಲವಂತೆ. ತಂಡಕ್ಕಾಗಿ ಉಪವಾಸ ಬಿಟ್ಟು, ಎಲ್ಲರೆದುರು ನೀರು ಕುಡಿದು ಮೈದಾನಕ್ಕೆ ಇಳಿದನಂತೆ. ಈ ವಯಸ್ಸಿಗೆ ಎಂಥ ಪ್ರಬುದ್ಧತೆ! ನೋಡಿದೆಯಾ, ನಾನು ಹೇಳಿದ್ದನ್ನು ನೀನು ಅವನಿಗೆ ಹೇಳಿದ್ದು ಒಳ್ಳೆಯದಾಯಿತು.

ವೇದಿಕೆಯ ಮೇಲೆ ಕಪ್ ಹಿಡಿದ ಫೋಟೋವನ್ನು ಜಿತೇಶ್ ಕಳಿಸಿದ್ದಾನೆ. ಪಕ್ಕದಲ್ಲಿ ಅನಂತರಾಮ ಮೇಷ್ಟ್ರು ಬಾಯ್ತುಂಬ ನಗುತ್ತಿದ್ದಾರೆ. ಹುಡುಗನ ಮುಖದಲ್ಲಿ ನಗುವೇ ಇಲ್ಲ. ಗೆದ್ದವನ ಗಾಂಭೀರ್ಯ ಅಂದರೆ ಅದು, ನಿನ್ನಿಂದಲೇ ಬಂದಿರಬೇಕು.

ಎರಡನೇ ಮುದ್ರಣ ಖಚಿತವಾಗಿದೆ. 2026ರ ಪುಟಕ್ಕೆ ನಾನು ಯೋಚಿಸಿದ ಮೊದಲ ಸಾಲು: ‘ತಂದೆಯ ತಪ್ಪನ್ನು ಮಗ ತಿದ್ದಿದ ವರ್ಷ’. ಹೇಗಿದೆ?

ನಿನ್ನ
ಸಂಪತ್


ಮಕ್ಕಾ
21 ಮಾರ್ಚ್ 2026

ಸಂಪತ್,

ನಿನ್ನೆ ಇಲ್ಲಿ ಈದ್ ಆಯಿತು. ಇಡೀ ತಿಂಗಳು ಮೂರು ಗಂಟೆಗಿಂತ ಹೆಚ್ಚು ಮಲಗಲಿಲ್ಲ, ಇವತ್ತು ರೂಮುಗಳು ಖಾಲಿಯಾಗುತ್ತಿವೆ. ನಿನಗೆ ಇನ್ನು ಬರೆಯಬಾರದು ಎಂದಿದ್ದೆ. 2026ರ ಪುಟಕ್ಕೆ ನೀನು ಬರೆದ ಆ ಮೊದಲ ಸಾಲು ಸುಮ್ಮನಿರಲು ಬಿಡಲಿಲ್ಲ.

ನಿನ್ನ ಮಾತನ್ನು ನಾನು ಅಫ್ರೀದನಿಗೆ ಹೇಳಲಿಲ್ಲ. ಆಡುವುದು ಬೇಡ, ಬೆಂಚಿನಲ್ಲೇ ಕೂರು ಎಂದೆ. ಅವ ಆಯಿತು ಬಾಪ ಎಂದ. ಆಮೇಲೆ ಪೇಪರಿನಲ್ಲಿ ನೋಡಿದೆ, ಅವನೇ ಗೆಲ್ಲಿಸಿದ್ದು, ಉಪವಾಸ ಬಿಟ್ಟು ಆಡಿದ್ದು ಎಂದು. ಅವನ ಫೋನು ನಾನು ಎತ್ತಲಿಲ್ಲ. ಹನ್ನೆರಡು ದಿನ ನನ್ನ ಮಗನ ಜೊತೆ ಮಾತಾಡಲಿಲ್ಲ. ಈದಿನ ದಿನ ಸುಬೈದಾ ಅತ್ತು ಅವನ ಕೈಗೆ ಫೋನ್ ಕೊಟ್ಟಳು.

“ಬಾಪ, ನಾನು ನೀರು ಕುಡೀಲೇ ಇಲ್ಲ,” ಎಂದ.

ಸೆಮಿಫೈನಲ್ ದಿನವೂ ಫೈನಲ್ ದಿನವೂ ಜಿತೇಶ್ ಬಾಟಲಿ ತಂದು ಎಲ್ಲರೆದುರು ನಿಂತನಂತೆ: “ಕುಡಿ ನೋಡುವಾ.” ಇವ ಬಾಯಿ ತುಂಬ ತೆಗೆದುಕೊಂಡ. ಮುಖ ತೊಳೆಯುವವನ ಹಾಗೆ ನಲ್ಲಿಯ ಹತ್ತಿರ ಹೋಗಿ ಮುಕ್ಕಳಿಸಿ ಉಗಿದ. ಬಾಯಿ ಮುಕ್ಕಳಿಸಿದರೆ ಉಪವಾಸ ಮುರಿಯುವುದಿಲ್ಲ, ನಮ್ಮ ಮನೆಯ ಸಣ್ಣ ಮಕ್ಕಳಿಗೂ ಅದು ಗೊತ್ತು. ಜಿತೇಶನಿಗೆ ಗೊತ್ತಿಲ್ಲ. ಆ ಬಿಸಿಲಿನಲ್ಲಿ ಹುಡುಗ ಒಂದು ಹನಿ ಗಂಟಲಿಗೆ ಇಳಿಸದೆ ಕೊನೆಯವರೆಗೆ ಎಸೆದ. ಒಂದು ಚೆಂಡೂ ದಾರಿ ತಪ್ಪಲಿಲ್ಲ ಎಂದು ನೀನೇ ಬರೆದಿದ್ದೀ.

ಭಾಷಣ ಎಳೆದೂ ಎಳೆದೂ ಬಾಂಗ್ ಆದಾಗ ಅವ ವೇದಿಕೆಯ ಮೇಲಿದ್ದ. ಎರಡು ಕೈಯಲ್ಲಿ ಕಪ್. ಸುಬೈದಾ ಇಟ್ಟ ಖರ್ಜೂರ ಪ್ಯಾಂಟಿನ ಕಿಸೆಯಲ್ಲಿ. ತೆಗೆದು ಬಾಯಿಗಿಟ್ಟರೆ ಜಿತೇಶನಿಗೆ ತಿಳಿಯುತ್ತದೆ. ನಿನ್ನ ಹತ್ತಿರ ಇರುವುದು ಆ ಹೊತ್ತಿನ ಫೋಟೋ. ಗಾಂಭೀರ್ಯ ಎಂದೆಯಲ್ಲ, ಅದು ಬಾಯಾರಿಕೆ. ಎಲ್ಲ ಮುಗಿದ ಮೇಲೆ ಸೈಕಲ್ ಶೆಡ್ಡಿನ ಹಿಂದೆ ನಿಂತು, ಕದ್ದು ತಿನ್ನುವವನ ಹಾಗೆ ಉಪವಾಸ ಬಿಟ್ಟನಂತೆ. ನಾನು ಸೋತ ದಿನ ನನಗೆ ನೀನಿದ್ದೆ. ಗೆದ್ದ ದಿನ ಅವನಿಗೆ ಯಾರೂ ಇರಲಿಲ್ಲ. ಅಪ್ಪ ಕೂಡ ಫೋನ್ ಎತ್ತಲಿಲ್ಲ.

ಈಗ ಜಿತೇಶ್ ಊರಿಡೀ ಹೇಳುತ್ತಿದ್ದಾನೆ, ಉಪವಾಸ ಬಿಟ್ಟದ್ದಕ್ಕೆ ಕಪ್ ಬಂತು, ಮೇಷ್ಟ್ರ ನಿಯಮ ಸರಿ ಎಂದು. ಮುಂದಿನ ವರ್ಷದ ಹುಡುಗರಿಗೆ ನನ್ನ ಮಗನನ್ನೇ ತೋರಿಸುತ್ತಾರೆ. ನಿಜ ಹೇಳಿದರೆ ಸುಳ್ಳು ಮಾಡಿ ಆಡಿದ ಎಂದು ಅವನನ್ನು ತೆಗೆದುಹಾಕುತ್ತಾರೆ, ಕಪ್ಪನ್ನೂ ಹೊಳೆಕೋಡಿಯವರು ಕೇಳುತ್ತಾರೆ. ನಿನ್ನ ಒಂದು ಫೋನಿನಿಂದ ಆಗುವ ಕೆಲಸವಾಗಿತ್ತು ಸಂಪತ್. ಅದು ಆಗದೆ, ಹುಡುಗ ದೇವರ ಎದುರು ಸತ್ಯ, ಜನರ ಎದುರು ಸುಳ್ಳು ಎಂದು ಆಡಬೇಕಾಯಿತು. ಇದನ್ನು ನಾನು ಕ್ಷಮಿಸುವುದಿಲ್ಲ.

ಹಾಗಾದರೆ ನಿನಗೆ ಯಾಕೆ ಹೇಳಿದೆ? ಯಾರಿಗಾದರೂ ಹೇಳಬೇಕಿತ್ತು. ಯೋಚಿಸಿ ನೋಡಿದೆ, ನಿನ್ನಷ್ಟು ನಂಬಿಕಸ್ಥ ಬೇರೆ ಯಾರೂ ಸಿಗಲಿಲ್ಲ. ಎಲ್ಲ ನೆನಪಿದ್ದೂ ಇಪ್ಪತ್ತು ವರ್ಷ ಬಾಯಿ ಬಿಡದವನು ಇದನ್ನೂ ಬಿಡಲಾರ. ಎರಡನೇ ಮುದ್ರಣದಲ್ಲಿ ನಿನ್ನ ಆ ಸಾಲನ್ನೇ ಹಾಕು, ತಂದೆಯ ತಪ್ಪನ್ನು ಮಗ ತಿದ್ದಿದ ಎಂದು. ನನ್ನ ಒಪ್ಪಿಗೆ ಉಂಟು.

ಅಫ್ರೀದ್ ನಿನ್ನ ಪುಸ್ತಕಕ್ಕೆ ಕಂದು ಕಾಗದದ ಬೈಂಡು ಹಾಕಿ ಇಟ್ಟಿದ್ದಾನಂತೆ. ಸಂಪತ್ ಅಂಕಲ್ ಊರಿಗೆ ಬಂದರೆ ಸಹಿ ಹಾಕಿಸಬೇಕು ಎನ್ನುತ್ತಾನೆ. ಶರಫಿಯಾದಲ್ಲಿ ನಾವು ಕುಳಿತಾಗ ಪುಸ್ತಕ ಅಚ್ಚಾಗಿತ್ತು ಎಂದು ನಾನು ಅವನಿಗೆ ಹೇಳಿಲ್ಲ. ಬಂದರೆ ಸಹಿ ಹಾಕಿಕೊಡು.

ಹಕೀಂ